ಅರಳುಮರಳಿನ ಮನೆಯಲ್ಲಿ ಮಕ್ಕಳು

ಮಾಘಮಾಸ ಬಂದಿತೆಂದರೆ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ರಾಯಬಾಗ ತಾಲೂಕಿನ ಈ ಊರಿಗೆ ಕನ್ನಡ ನಾಡಿನಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ತಂಡತಂಡವಾಗಿ ಬರುತ್ತಾರೆ; ಊರಿಗೆ ಊರೇ ಭಂಡಾರದಿಂದ ಹಳದಿಯಾಗುತ್ತದೆ. ಅಂಥ ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಳ್ಳುವುದುಂಟು; ಕೂಗಿ ಕರೆದು ಹುಡುಕಿದರೆ ಸಿಗುವುದೂ ಉಂಟು. ಆದರೆ ಹಿರಿಯರೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿಯೇ ತಪ್ಪಿಸಿಕೊಂಡರೆ ಮಕ್ಕಳು ಅವರನ್ನು ಎಲ್ಲಿ ಹುಡುಕಬೇಕು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದವನು ಆ ಊರ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ಹದಿನೇಳರ ಹುಡುಗ. ಅವನ ಅಜ್ಜಿ ಅವನನ್ನು ಎಂದೋ ತೀರಿಹೋದ ತನ್ನ ತಮ್ಮನೆಂದು ತಿಳಿದು ಕರೆಯುತ್ತಿದ್ದಳು. ‘ಉಂಡಿಯೇನೋ?’ ಎಂದು ತಾಸಿಗೆ ಹತ್ತು ಸಲ ಕೇಳುತ್ತಿದ್ದಳು. ಒಂದು ದಿನ ಅವನು ಚೀರಿಬಿಟ್ಟನಂತೆ. “ಸರ್, ಅಕಿಗೆ ನಾ ಯಾರಂತನ ಗೊತ್ತಿಲ್ಲರೀ. ಅಕಿ ಮ್ಯಾಲೆ ಸಿಟ್ಟಾದೆ. ನಾ ಕೆಟ್ಟವ ಏನ್ರಿ?” ಎಂದು ಕೇಳಿ ತಲೆ ಬಗ್ಗಿಸಿ ನಿಂತನು. ಕನ್ನಡ ಪಾಠ ಹೇಳುವ ನನ್ನಲ್ಲಿ ಅದಕ್ಕೆ ಸಿದ್ಧ ಉತ್ತರವಿರಲಿಲ್ಲ. ಹುಡುಕಹೊರಟಾಗ ಒಂದು ಚರಿತ್ರೆಯೇ ತೆರೆದುಕೊಂಡಿತು.

ಮೊದಲು ನಮ್ಮ ಮಾತನ್ನೇ ನೋಡೋಣ. ‘ಅರುವತ್ತಕ್ಕೆ ಅರಳುಮರಳು’ ಎಂದು ನಾವು ನಗುತ್ತ ಹೇಳುತ್ತ ಬಂದಿದ್ದೇವೆ. ಬೇಂದ್ರೆಯವರು ಈ ಹಳೆಯ ಮಾತನ್ನೇ ತಮ್ಮ ಕವಿತಾಸಂಗ್ರಹಕ್ಕೆ ಹೆಸರಾಗಿ ಇಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮತ್ತೆ ಅರಳುವುದು ಎಂಬ ಅರ್ಥವನ್ನೂ ಆ ಎರಡು ಪದಗಳಿಂದ ಹೊರಡಿಸಬಹುದಲ್ಲವೆ? ಆದರೆ ಜನರ ಬಾಯಲ್ಲಿ ಅದು ಮುಪ್ಪಿನ ಸಹಜ ಮರುಳಾಗಿಯೇ ಉಳಿಯಿತು. ಸಹಜವೆಂದ ಮೇಲೆ ಔಷಧವೇತಕ್ಕೆ, ವಿಚಾರವೇತಕ್ಕೆ? ನಮ್ಮ ಉದಾಸೀನಕ್ಕೆ ಈ ಗಾದೆಯೂ ಒಂದು ನೆಪವಾಯಿತು.

ಇದು ರೋಗವೆಂಬ ಅರಿವು ಮೂಡಿದ ಕಥೆ ಜರ್ಮನಿಯದು. 1901ರ ನವೆಂಬರದಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರುಷದ ಹೆಂಗಸನ್ನು ಸೇರಿಸಿದರು. ಗಂಡನ ಹೆಸರೇನೆಂದು ಕೇಳಿದರೆ ಅವಳು ತನ್ನ ಹೆಸರನ್ನೇ ಹೇಳಿದಳು. ಅವಳ ಮಾತುಗಳನ್ನು ಸಾವಧಾನವಾಗಿ ಬರೆದಿಟ್ಟವನು ಆಲೋಯಿಸ್ ಅಲ್‌ಝೈಮರ್ ಎಂಬ ವೈದ್ಯ. 1906ರ ಏಪ್ರಿಲದಲ್ಲಿ ಅವಳು ತೀರಿಕೊಂಡಳು. ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಕಂಡ ಗಂಟುಗಳನ್ನೂ ನಾರುಸಿಕ್ಕುಗಳನ್ನೂ ಅದೇ ವರುಷ ಟ್ಯೂಬಿಂಗೆನ್ನಿನ ವೈದ್ಯರ ಸಭೆಯಲ್ಲಿ ಅವನು ವಿವರಿಸಿದನು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಗ್ರಂಥದಲ್ಲಿ ರೋಗಕ್ಕೆ ಅಲ್‌ಝೈಮರನ ಹೆಸರನ್ನಿಟ್ಟನು.

ಆದರೂ ಬಹುಕಾಲ ಇದು ನಡುವಯಸ್ಸಿನವರಿಗೆ ಅಪರೂಪಕ್ಕೆ ಬರುವ ಬೇನೆಯೆಂದೇ ನಂಬಿಕೆಯಿದ್ದಿತು. ಮುದುಕರ ಮರೆವು ಬೇರೆ, ಇದು ಬೇರೆ ಎಂದು ತಿಳಿದಿದ್ದರು. ಇವೆರಡೂ ಬಹುಮಟ್ಟಿಗೆ ಒಂದೇ ಎಂದು ಅಮೇರಿಕದ ರಾಬರ್ಟ್ ಕಾಟ್ಸ್‌ಮನ್ 1976ರಲ್ಲಿ ಬಲವಾಗಿ ವಾದಿಸಿದ ಮೇಲೆಯೇ ಲೋಕದ ದೃಷ್ಟಿ ಬದಲಾಯಿತು. ನಮ್ಮ ದೇಶದಲ್ಲಿ ಇಂಥ ರೋಗಿಗಳ ಸಲುವಾಗಿ ರಾಷ್ಟ್ರೀಯ ಸಂಘವೊಂದು ಕೇರಳದಲ್ಲಿ ಹುಟ್ಟಿದ್ದು 1992ರಲ್ಲಿ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರು ಇಂಥ ತಂದೆಯ ಪಾತ್ರ ವಹಿಸಿದ ಮೇಲೆ ಈ ರೋಗದ ಹೆಸರು ಎಷ್ಟೋ ಕನ್ನಡ ಮನೆಗಳಿಗೆ ಪರಿಚಯವಾಯಿತು.

ನಮ್ಮ ಗಡಿನಾಡಿನವರಿಗೆ ಹತ್ತಿರವಾದ ಇನ್ನೊಂದು ಸಂಗತಿಯುಂಟು. ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಮರೆವಿನ ರೋಗ ಸುಮಾರು ನಾಲ್ಕೂವರೆ ವರುಷ ತಡವಾಗಿ ಕಾಣಿಸಿತ್ತು. ಅಕ್ಷರ ಬಾರದವರಲ್ಲಿಯೂ ಈ ಅಂತರವಿದ್ದಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಚಿಂಚಲಿಯ ಅಜ್ಜಿಯರಿಗೆ ಇದು ಸಮಾಧಾನದ ಸುದ್ದಿ. ಆದರೆ ತಡವಾಗುವುದು ಬೇರೆ, ತಪ್ಪುವುದು ಬೇರೆ.

ಈ ಚರಿತ್ರೆಯಲ್ಲಿ ವೈದ್ಯನಿದ್ದಾನೆ, ರೋಗಿಯಿದ್ದಾಳೆ, ಮನೆಯ ಮಕ್ಕಳೆಲ್ಲಿ? ಆಗುಸ್ಟೆಗೂ ಒಬ್ಬ ಮಗಳಿದ್ದಳು. ತಾಯಿ ತನ್ನನ್ನು ಮರೆಯುತ್ತಿರುವಾಗ ಅವಳ ಎದೆಯಲ್ಲಿ ಏನಾಯಿತೆಂದು ಕೇಳಿದವರು ಯಾರು? ನಾವಾದರೂ ಕೇಳಬೇಕು.

ಹದಿಹರೆಯದವರಿಗೆ ಮೊದಲು ಬೇಕಾದುದು ನಿಜ. ‘ಅಜ್ಜಿಗೆ ವಯಸ್ಸಾಯಿತು’ ಎಂದು ಮಾತು ತೇಲಿಸದೆ, ಇದು ಮಿದುಳಿನ ರೋಗ, ಅವಳ ಹಟವಲ್ಲ ಎಂದು ಹಿರಿಯರು ಕೂಡಿಸಿಕೊಂಡು ಹೇಳಬೇಕು. ಇಂದಿನ ಔಷಧಗಳಿಂದ ಇದು ಪೂರ್ತಿ ಗುಣವಾಗುವುದಿಲ್ಲವೆಂಬುದನ್ನೂ ಮುಚ್ಚಿಡಬಾರದು. ‘ನಮಗೂ ಬರುವುದೇ?’ ಎಂಬ ಹೆದರಿಕೆ ಹುಡುಗರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬಹುತೇಕ ಇದು ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುವ ರೋಗವಲ್ಲವೆಂದು ತಿಳಿಸಿದರೆ ಆ ಭಾರ ಇಳಿಯುತ್ತದೆ. ಸಿಟ್ಟು, ನಾಚಿಕೆ, ಗೆಳೆಯರನ್ನು ಮನೆಗೆ ಕರೆಯಲು ಸಂಕೋಚ — ಇವು ಪಾಪಗಳಲ್ಲ. ಸಿಟ್ಟು ಬಂದಾಗ ಅಂಗಳಕ್ಕೆ ಹೋಗಿ ನಾಲ್ಕು ಹೆಜ್ಜೆ ಹಾಕಿ ಬರಲಿ. ಅಜ್ಜಿಯೊಡನೆ ವಾದ ಬೇಡ. ‘ಉಂಡೆ’ ಎಂದು ಹನ್ನೊಂದನೆಯ ಸಲವೂ ಹೇಳಿದರೆ ಆಯಿತು.

ಎರಡನೆಯದು, ಅವರಿಗೆ ಸಣ್ಣದೊಂದು ಪಾಲು ಕೊಡುವುದು: ಹಳೆಯ ಪಟಗಳನ್ನು ತೋರಿಸುವುದು, ಬೀಸುವ ಪದ ಹಾಡಿಸುವುದು, ಸಂಜೆ ಕೈಹಿಡಿದು ತಿರುಗಾಡಿಸುವುದು. ಆದರೆ ಕಾವಲಿನ ಕೆಲಸವನ್ನೆಲ್ಲ ಅವರ ಮೇಲೆ, ಅದರಲ್ಲಿಯೂ ಮನೆಯ ಹೆಣ್ಣುಮಗಳ ಮೇಲೆ, ಹೊರಿಸಿ ಓದು ಕೆಡಿಸಬಾರದು. ಶಾಲೆಯ ಗುರುಗಳಿಗೆ ವಿಷಯ ತಿಳಿದಿರಲಿ. ಥೈರಾಯಿಡ್ ದೋಷದಿಂದಲೋ ಜೀವಸತ್ವದ ಕೊರತೆಯಿಂದಲೋ ಬರುವ ಮರೆವು ಚಿಕಿತ್ಸೆಗೆ ಒಳಪಡುವುದರಿಂದ ಮೊದಲು ವೈದ್ಯರಿಗೆ ತೋರಿಸುವುದು ಅಗತ್ಯ. ಮನಸ್ಸು ತೀರ ಕುಗ್ಗಿದ ಹುಡುಗರ ಸಲುವಾಗಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಿದೆ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೇ ಹೇಳಿದೆನು; ನೀನು ಕೆಟ್ಟವನಲ್ಲ, ದಣಿದವನು ಎಂದೆನು. ಮುಂದಿನ ಜಾತ್ರೆಯಾದ ಮೇಲೆ ಅವನೇ ಬಂದು ತಿಳಿಸಿದನು. ಗದ್ದಲವಿಲ್ಲದ ಹೊತ್ತಿನಲ್ಲಿ ಅಜ್ಜಿಯನ್ನು ಗುಡಿಗೆ ಕರೆದೊಯ್ದಿದ್ದನಂತೆ. ಮಗನ ಹೆಸರು ಮರೆತವಳು ‘ಚಾಂಗಭಲೋ’ ಎಂದು ಕೈಯೆತ್ತಿ ಕೂಗಿದಳಂತೆ; ಬಳಿಕ ಅವನ ಹಣೆಗೆ ಭಂಡಾರ ಹಚ್ಚಿ, ಮತ್ತೆ ತಮ್ಮನ ಹೆಸರಿನಿಂದಲೇ ಕರೆದಳಂತೆ.

“ನೀನೇನು ಮಾಡಿದೆ?” ಎಂದು ಕೇಳಿದೆ.

“ಓ ಅಂದೆರಿ, ಸರ್,” ಎಂದನು.