ವಿದ್ಯುನ್ಮಂಡಲ

ಮೂಲದಿಂದ ಹೊರಟ ವಿದ್ಯುತ್ ಪ್ರವಾಹ ಉಪಕರಣವನ್ನು ಹಾದು ಮತ್ತೆ ಮೂಲಕ್ಕೇ ಮರಳುವ ಪೂರ್ಣ ಹಾದಿ. ಅದು ಎಲ್ಲಿ ತುಂಡಾದರೂ ಪ್ರವಾಹ ನಿಲ್ಲುತ್ತದೆ; ಸ್ವಿಚ್ಚು ಮಾಡುವುದು ಇಷ್ಟನ್ನೇ. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ 2002ರಿಂದ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ಪೂರೈಸುತ್ತಿರುವುದು 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್. 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ ಇದರಲ್ಲಿ ಸುಮಾರು 4.35 ಆಂಪಿಯರ್ ಎಳೆಯುತ್ತದೆ. ಓಮನ ನಿಯಮದಂತೆ ಅದರ ರೋಧ ಸುಮಾರು 53 ಓಮ್. ಮನೆಯ ಉಪಕರಣಗಳದು ಸಮಾಂತರ ಜೋಡಣೆ, ಅಂದರೆ ಪ್ರತಿಯೊಂದಕ್ಕೂ ತನ್ನದೇ ಹಾದಿ. ಅಡುಗೆಮನೆಯ ಬಲ್ಬು ಸುಟ್ಟರೂ ಪಡಸಾಲೆಯ ಫ್ಯಾನು ತಿರುಗುತ್ತಲೇ ಇರುತ್ತದೆ. ಗಣೇಶ ಹಬ್ಬದ ಹಳೆಯ ಸರಣಿ ದೀಪಮಾಲೆಗೆ ಈ ಭಾಗ್ಯವಿಲ್ಲ: ಒಂದು ಬಲ್ಬು ಹೋದರೆ ಇಡೀ ಮಾಲೆ ಕತ್ತಲು. ಫೇಸ್, ನ್ಯೂಟ್ರಲ್ ತಂತಿಗಳು ನೇರವಾಗಿ ಕೂಡಿದರೆ ಶಾರ್ಟ್ ಸರ್ಕ್ಯೂಟ್. ರೋಧ ಕುಸಿದು ಪ್ರವಾಹ ಉಕ್ಕುತ್ತದೆ, ಫ್ಯೂಸ್ ಕರಗಿ ಹಾದಿ ಕಡಿಯುತ್ತದೆ. ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತುವುದು ಶುದ್ಧ ಅವಿವೇಕ. ಆಗ ಸುಡುವುದು ಗೋಡೆಯೊಳಗಿನ ವೈರಿಂಗ್.