ಮಲೆನಾಡಿನ ಸಣ್ಣ ತೋಟಕ್ಕೆ ಒಂದೇ ಸೂರಿನ ಕೊಟ್ಟಿಗೆ, ಗೋದಾಮು

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಮೂರು-ನಾಲ್ಕು ಎಕರೆ ಕಾಫಿ, ನೆರಳು ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ತಗ್ಗಿನಲ್ಲೊಂದಿಷ್ಟು ಗದ್ದೆ, ಒಂದೆರಡು ಹಸು ಇಟ್ಟುಕೊಂಡು ಬದುಕುವ ಕುಟುಂಬಗಳು ಅನೇಕ. ದೊಡ್ಡ ಎಸ್ಟೇಟುಗಳಲ್ಲಿ ಗೋದಾಮು, ಯಂತ್ರದ ಮನೆ, ದನದ ಕೊಟ್ಟಿಗೆ, ಸೌದೆ ಮನೆಗಳು ಬೇರೆಬೇರೆಯಾಗಿರುತ್ತವೆ. ಸಣ್ಣ ಹಿಡುವಳಿದಾರರಿಗೆ ಅಷ್ಟು ಕಟ್ಟಡಗಳು ಕೈಗೆಟುಕುವುದಿಲ್ಲ. ಎಲ್ಲವನ್ನೂ ಒಂದೇ ಸೂರಿನಡಿ ತರುವುದು ಅವರಿಗೆ ಅನಿವಾರ್ಯ.

ಆದರೆ ಕಾಫಿ, ಗೊಬ್ಬರ, ದನ, ಡೀಸೆಲ್ ಒಂದಕ್ಕೊಂದು ಒಗ್ಗುವ ವಸ್ತುಗಳಲ್ಲ. ವರ್ಷದ ದುಡಿಮೆಯೆಲ್ಲ ಚೀಲಗಳಲ್ಲಿ ತುಂಬಿ ಒಂದೇ ಕೋಣೆಯಲ್ಲಿ ಕುಳಿತಿರುವಾಗ ಗೋಡೆ ನೀರು ಹೀರಿದರೆ ಅಥವಾ ಹಿಂದಿನ ಧರೆ ಕುಸಿದರೆ ನಷ್ಟ ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಆದ್ದರಿಂದ ಗಾರೆಯವರನ್ನು ಕರೆಸುವ ಮುನ್ನ ಕಾಗದದ ಮೇಲೆ ಒಂದು ನಕ್ಷೆ ಸಿದ್ಧವಾಗಿರುವುದು ಅಗತ್ಯ.

ಜಾಗ: ಧರೆಯ ಭಯ

ಮಲೆನಾಡಿನಲ್ಲಿ ಸಮತಟ್ಟು ಜಾಗ ಅಪರೂಪ. ಜೆಸಿಬಿ ತರಿಸಿ ಗುಡ್ಡ ಕಡಿದು, ಕಡಿದ ಮಣ್ಣನ್ನು ಕೆಳಗೆ ಹರಡಿ ಮಟ್ಟ ಮಾಡುವುದು ಈಗಿನ ರೂಢಿ. ಇದರಲ್ಲಿ ಎರಡು ಅಪಾಯಗಳಿವೆ. ಕಡಿದ ಧರೆ ಮಳೆಗೆ ಜರಿಯಬಹುದು. ತುಂಬಿದ ಮಣ್ಣು ವರ್ಷಗಟ್ಟಲೆ ಕುಗ್ಗುತ್ತ ಗೋಡೆಯನ್ನು ಬಿರುಕು ಬಿಡಿಸಬಹುದು. 2018ರ ಆಗಸ್ಟ್ ಮಳೆಗೆ ಶಿರಾಡಿ ಘಾಟಿಯ ಹೆದ್ದಾರಿಯಲ್ಲೂ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದಲ್ಲೂ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತ್ತು. 2024ರ ಜುಲೈನಲ್ಲಿ ಸಕಲೇಶಪುರ ಸಮೀಪದ ದೊಡ್ಡತಪ್ಪಲಿನಲ್ಲಿ ಮತ್ತೆ ಮಣ್ಣು ಹೆದ್ದಾರಿಗೆ ಬಂತು. ತೋಟದೊಳಗಿನ ಧರೆಗೂ ಇದೇ ನಿಯಮ ಅನ್ವಯಿಸುತ್ತದೆ.

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಉದ್ದವಾಗಿಯೂ ಅಗಲ ಕಡಿಮೆಯಾಗಿಯೂ ಇರುವ ಕಟ್ಟಡಕ್ಕೆ ಕಡಿಯಬೇಕಾದ ಮಣ್ಣು ಕಡಿಮೆ. ತಳಪಾಯ ಪೂರ್ತಿ ಗಟ್ಟಿ ನೆಲದ ಮೇಲೆ ನಿಲ್ಲಬೇಕು. ತುಂಬಿದ ಮಣ್ಣಿನ ಭಾಗವನ್ನು ಅಂಗಳಕ್ಕಷ್ಟೇ ಬಳಸುವುದು ಲೇಸು. ಧರೆಗೂ ಗೋಡೆಗೂ ನಡುವೆ ಒಬ್ಬರು ಸಲೀಸಾಗಿ ಓಡಾಡಿ ಮಣ್ಣು ತೆಗೆಯುವಷ್ಟು ಜಾಗ ಬಿಟ್ಟು, ಅಲ್ಲಿ ಚರಂಡಿ ತೋಡಬೇಕು. ಧರೆಯ ಮೇಲ್ಭಾಗದಲ್ಲಿ ಇನ್ನೊಂದು ಚರಂಡಿ ಇದ್ದರೆ ಗುಡ್ಡದ ನೀರು ಕಟ್ಟಡದ ಕಡೆಗೆ ಬಾರದು. ನೆಲಗಟ್ಟು ಅಂಗಳಕ್ಕಿಂತ ಒಂದೂವರೆಯಿಂದ ಎರಡು ಅಡಿ ಎತ್ತರವಿರಬೇಕು.

ದಿಕ್ಕು: ಮಳೆಗೆ ಬೆನ್ನು, ಬಿಸಿಲಿಗೆ ಮುಖ

ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ. ಎರಚಲು ಹೊಡೆಯುವುದೂ ಆ ಕಡೆಯಿಂದಲೇ. ಆದ್ದರಿಂದ ಕಟ್ಟಡದ ಉದ್ದವನ್ನು ಪೂರ್ವ-ಪಶ್ಚಿಮವಾಗಿ ಇಟ್ಟು, ಕಿರಿದಾದ ಗೋಡೆಯನ್ನು ಪಶ್ಚಿಮಕ್ಕೆ ಒಡ್ಡುವುದು ಜಾಣತನ. ಆ ಗೋಡೆಗೆ ಬಾಗಿಲಾಗಲಿ ಕಿಟಕಿಯಾಗಲಿ ಬೇಡ. ಸೂರನ್ನು ಹೊರಕ್ಕೆ ಚಾಚಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಸೋಗೆಯ ತಡಿಕೆ ಕಟ್ಟುವ ಹಳೆಯ ಕ್ರಮ ಈಗಲೂ ಅಗ್ಗವಾದ ಉಪಾಯ.

ಕಾಫಿ ಒಣಗಿಸುವ ಕಣ ಕಟ್ಟಡದ ದಕ್ಷಿಣಕ್ಕಿರಬೇಕು. ಕೊಯ್ಲಿನ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತು ಅಡಿ ಎತ್ತರದ ಸೂರಿನ ನೆರಳು ಡಿಸೆಂಬರ್ ನಡುಹಗಲಿನಲ್ಲಿಯೇ ಏಳು ಅಡಿಗೂ ಹೆಚ್ಚು ದೂರ ಉತ್ತರಕ್ಕೆ ಚಾಚುತ್ತದೆ; ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಉತ್ತರದಲ್ಲಿ ಕಣ ಮಾಡಿದವರು ಅಷ್ಟು ಬಿಸಿಲನ್ನು ಕೈಯಾರೆ ಕಳೆದುಕೊಂಡಂತೆ. ದಕ್ಷಿಣದ ಗೋಡೆಗೆ ಐದು ಅಡಿಯ ಜಗಲಿ ಬಿಟ್ಟರೆ ಅಕಾಲದ ಮಳೆ ಬಂದಾಗ ಕಣದ ಕಾಫಿಯನ್ನು ತಕ್ಷಣ ಒಳಗೆಳೆಯಬಹುದು. 2021ರ ಜನವರಿಯಲ್ಲಿ ಸುರಿದ ಮಳೆ ಕಾಫಿ ಸೀಮೆಯಲ್ಲಿ ಕಣದಲ್ಲಿದ್ದ ಫಸಲನ್ನು ನೆನೆಸಿದ ಬಳಿಕ ಈ ಜಗಲಿಯ ಬೆಲೆ ಬೆಳೆಗಾರರಿಗೆ ಚೆನ್ನಾಗಿ ತಿಳಿದಿದೆ.

ಅಳತೆ: ಮೂರು ಅಂಕಣ

ಇಂತಹ ತೋಟಕ್ಕೆ 40 ಅಡಿ ಉದ್ದ, 20 ಅಡಿ ಅಗಲದ ಕಟ್ಟಡ ಸಾಕಾಗುತ್ತದೆ. ಇದನ್ನು ಮೂರು ಅಂಕಣಗಳಾಗಿ ವಿಭಾಗಿಸಬಹುದು. ಪೂರ್ವಕ್ಕೆ 14 ಅಡಿಯ ಕಾಫಿ ಕೋಣೆ, ನಡುವೆ 12 ಅಡಿಯ ಸಲಕರಣೆ ಹಾಗೂ ಸೌದೆಯ ಅಂಕಣ, ಪಶ್ಚಿಮಕ್ಕೆ 14 ಅಡಿಯ ದನದ ಕೊಟ್ಟಿಗೆ. ಬೆಳಗಿನ ಬಿಸಿಲು ಬೀಳುವ ಪೂರ್ವದ ಗೋಡೆ ಬೇಗ ಒಣಗುತ್ತದೆ. ಕಾಫಿಗೆ ಅದೇ ಬೇಕಾದದ್ದು. ನಡುವಿನ ಅಂಕಣವು ದನದ ವಾಸನೆ ಕಾಫಿಗೆ ತಗುಲದಂತೆ ತಡೆಯುತ್ತದೆ. ಅಂಕಣಗಳ ನಡುವಿನ ಗೋಡೆಗಳು ಎದೆಮಟ್ಟಕ್ಕೆ ನಿಲ್ಲದೆ ಛಾವಣಿಯವರೆಗೂ ಏರಬೇಕು. ಬಾಗಿಲುಗಳು ಒಳಗಿನಿಂದ ಒಂದಕ್ಕೊಂದು ಸೇರದೆ, ಎಲ್ಲವೂ ಜಗಲಿಗೆ ತೆರೆಯಬೇಕು.

ಕಾಫಿ ಕೋಣೆಯ ಲೆಕ್ಕ ಸರಳವಾದುದು. ಎರಡು ಟನ್ ಒಣ ಚೆರಿ ಎಂದರೆ 50 ಕಿಲೊದ 40 ಚೀಲ. ಮಲಗಿಸಿದ ಚೀಲ ಸುಮಾರು ಆರು ಚದರ ಅಡಿ ಜಾಗ ಹಿಡಿಯುತ್ತದೆ. ಐದರ ಮೇಲೊಂದರಂತೆ ಪೇರಿಸಿದರೆ ಎಂಟು ಸಾಲು, ಅಂದರೆ 48 ಚದರ ಅಡಿ. ಗೋಡೆಯಿಂದ ಒಂದಡಿ ದೂರ, ಓಡಾಡಲು ದಾರಿ ಬಿಟ್ಟ ಮೇಲೂ 280 ಚದರ ಅಡಿಯ ಕೋಣೆಯಲ್ಲಿ ಮೆಣಸು, ಭತ್ತಗಳಿಗೆ ಸ್ಥಳ ಉಳಿಯುತ್ತದೆ. ಚೀಲಗಳನ್ನು ನೆಲಕ್ಕೆ ತಾಗಿಸದೆ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲಿಡಬೇಕು. ಸರಿಯಾಗಿ ಒಣಗದ ಕಾಫಿಯನ್ನು ಎಂತಹ ಗೋದಾಮೂ ಉಳಿಸಲಾರದು. ಪಾರ್ಚ್‌ಮೆಂಟ್ ಕಣದಲ್ಲಿ 7ರಿಂದ 10 ದಿನ, ಚೆರಿ 12ರಿಂದ 15 ದಿನ ಒಳ್ಳೆಯ ಬಿಸಿಲು ಕಂಡು, ತೇವಾಂಶ ಶೇ 10-11ರ ಆಸುಪಾಸಿಗೆ ಇಳಿದ ನಂತರವೇ ಚೀಲ ಸೇರಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ, ಕೊಳ್ಳುವವರು ಬೆಲೆ ಕಡಿಯುತ್ತಾರೆ.

ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹೀಗಾಗಿ ರಸಗೊಬ್ಬರ, ಕೀಟನಾಶಕ, ಡೀಸೆಲ್‌ಗಳು ಆ ಕೋಣೆಯೊಳಗೆ ಒಂದು ರಾತ್ರಿಯೂ ಇರಕೂಡದು. ಔಷಧಿಗಳಿಗೆ ನಡುವಿನ ಅಂಕಣದಲ್ಲಿ ಬೀಗವಿರುವ ಕಪಾಟು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇರಬೇಕು. ಡೀಸೆಲ್ ಮತ್ತು ಸೌದೆ ಆ ಅಂಕಣದ ಎದುರುಬದುರು ಮೂಲೆಗಳಲ್ಲಿರಲಿ.

ಕೊಟ್ಟಿಗೆಯಲ್ಲಿ ಪ್ರತಿ ಹಸುವಿಗೆ ಸುಮಾರು 40 ಚದರ ಅಡಿ ನೆರಳಿನ ಜಾಗ ಬೇಕು. ನೆಲ ಜಾರದಂತೆ ಒರಟಾಗಿಯೂ ಗಂಜಲ ನಿಲ್ಲದಂತೆ ಇಳಿಜಾರಾಗಿಯೂ ಇರಬೇಕು. ಚರಂಡಿಯ ನೀರು ಹಳ್ಳಕ್ಕೆ ಹೋಗದೆ ಗೊಬ್ಬರದ ಗುಂಡಿ ಸೇರಲಿ. ಇಲ್ಲಿನ ಹಳ್ಳಗಳು ಹೇಮಾವತಿಯನ್ನು ಸೇರುವಂಥವು. ಪಲ್ಪರ್ ಇಡುವವರೂ ಅದರ ಕೊಳೆನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಹಾಲು ಕರೆಯುವುದು, ಸೌದೆ ತರುವುದು, ಕಣದಲ್ಲಿ ಕಾಫಿ ಕೆದಕುವುದು ಹೆಚ್ಚಾಗಿ ಮನೆಯ ಹೆಂಗಸರ ಪಾಲಿನ ಕೆಲಸ. ನಕ್ಷೆ ಬರೆಯುವಾಗ ಅವರ ಮಾತು ಮೊದಲು ಕೇಳಬೇಕಾದದ್ದು.

ಛಾವಣಿ ಮತ್ತು ನೀರು

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ಬಳಿಕ ಹೆಂಚು ಘಟ್ಟವೇರಿ ಮಲೆನಾಡಿನ ಮನೆಗಳ ಗುರುತಾಯಿತು. ಹೆಂಚಿನಡಿ ಕೋಣೆ ತಂಪಾಗಿರುತ್ತದೆ, ಗಾಳಿಯೂ ಆಡುತ್ತದೆ. ಮಂಗಗಳ ಹಾವಳಿ ಇರುವೆಡೆ ಒಡೆದ ಹೆಂಚು ಬದಲಿಸುವುದೇ ಕೆಲಸವಾಗಿ ಅನೇಕರು ತಗಡಿನ ಶೀಟಿಗೆ ತಿರುಗಿದ್ದಾರೆ. ತಗಡಿನ ಒಳಮೈಯಲ್ಲಿ ಚಳಿಗಾಲದ ಬೆಳಗಿನಲ್ಲಿ ಹನಿಗಟ್ಟುವುದುಂಟು. ಆದ್ದರಿಂದ ಕಾಫಿ ಕೋಣೆಯ ಮೇಲೆ ಹಲಗೆಯ ಅಟ್ಟ ಹಾಕುವುದು ಅವಶ್ಯ. ಹೆಂಚಿಗೆ ಸುಮಾರು 30 ಡಿಗ್ರಿ ಇಳಿಜಾರು ಬೇಕು.

800 ಚದರ ಅಡಿಯ ಛಾವಣಿಯ ಮೇಲೆ ಒಂದು ದಿನ 100 ಮಿ.ಮೀ. ಮಳೆ ಸುರಿದರೆ ಸುಮಾರು 7,400 ಲೀಟರ್ ನೀರು ಇಳಿಯುತ್ತದೆ. ವರ್ಷಕ್ಕೆ 2,000 ಮಿ.ಮೀ. ಎಂದು ಹಿಡಿದರೆ ಒಂದೂವರೆ ಲಕ್ಷ ಲೀಟರಿನಷ್ಟಾಯಿತು. ದೋಣಿ ಕಟ್ಟದೆ ಬಿಟ್ಟರೆ ಇದೇ ನೀರು ತಳಪಾಯವನ್ನು ಕೊರೆಯುತ್ತದೆ. ತೊಟ್ಟಿಗೆ ತಿರುಗಿಸಿದರೆ ಕೊಟ್ಟಿಗೆ ತೊಳೆಯಲು ಒದಗುತ್ತದೆ.

ಆನೆಯ ಲೆಕ್ಕ

ಈ ಸೀಮೆಯಲ್ಲಿ ಕಟ್ಟಡ ಕಟ್ಟುವವರು ಆನೆಯನ್ನು ಮರೆಯುವಂತಿಲ್ಲ. ಹೈಕೋರ್ಟ್ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿತು. 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಸಮಸ್ಯೆ ನೀಗಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾರ್ಯಾಚರಣೆಯ ವೇಳೆ ಕಾಡಾನೆಯ ದಾಳಿಗೆ ಸಿಲುಕಿ ದಸರಾ ಆನೆ ಅರ್ಜುನ ಮೃತಪಟ್ಟಿತು.

ಭತ್ತ, ಉಪ್ಪು, ಹಲಸು, ಬಾಳೆಯ ವಾಸನೆ ಹಿಡಿದು ಆನೆ ಬರುತ್ತದೆ; ಬಂದರೆ ಗೋಡೆಯನ್ನೂ ಒಡೆಯುತ್ತದೆ. ಆದುದರಿಂದ ಭತ್ತವನ್ನು ಜನ ಮಲಗುವ ಕೋಣೆಗೆ ತಾಗಿ ಇಡಬಾರದು. ಕಟ್ಟಡದ ಪಕ್ಕ ಹಲಸು, ಬಾಳೆ ಬೆಳೆಸಬಾರದು. ಮನೆಗೂ ಕೊಟ್ಟಿಗೆಗೂ ನಡುವಿನ ದಾರಿ ನೇರವಾಗಿದ್ದು, ಬಾಗಿಲಲ್ಲಿ ನಿಂತೇ ಕೊಟ್ಟಿಗೆಯವರೆಗೆ ಕಾಣುವಂತಿರಬೇಕು. ಅದರ ದೀಪದ ಸ್ವಿಚ್ಚು ಮನೆಯೊಳಗಿರಬೇಕು. ಮುಂಜಾವದ ಕತ್ತಲಲ್ಲಿ ಹಾಲು ಕರೆಯಲು ಹೋಗುವವರ ಜೀವದ ಪ್ರಶ್ನೆಯಿದು.

ಕಾನೂನು

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಂ ಕೃಷಿ ಜಮೀನಿನ ಹಿಡುವಳಿದಾರರಿಗೆ ಬೇಸಾಯಕ್ಕೆ ಅಗತ್ಯವಾದ ಕಟ್ಟಡ, ಬಾವಿ, ಕೆರೆಗಳನ್ನು ನಿರ್ಮಿಸಿಕೊಳ್ಳುವ ಹಕ್ಕು ನೀಡಿದೆ. ಆದರೆ ಅದೇ ಕಟ್ಟಡವನ್ನು ಮುಂದೆ ಪ್ರವಾಸಿಗರ ವಸತಿಗೋ ಅಂಗಡಿಗೋ ಬಳಸುವುದು ಬೇರೆ ಮಾತು. ಕೃಷಿಯೇತರ ಬಳಕೆಗೆ ಭೂ ಪರಿವರ್ತನೆಯ ಪ್ರಶ್ನೆ ಏಳುತ್ತದೆ. ಹಕ್ಕುಪತ್ರ ಇತ್ಯರ್ಥವಾಗದ ಒತ್ತುವರಿ ಜಾಗದಲ್ಲಿ ಹಣ ಸುರಿಯುವುದು ಅಪಾಯಕರ. ಸರ್ವೆ ನಕ್ಷೆಯಲ್ಲಿ ಗಡಿ ಖಚಿತಪಡಿಸಿಕೊಂಡು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಕೆಲಸದ ಕಾಲ

ಮಳೆ ನಿಂತ ಮೇಲೆ ಕಟ್ಟೋಣವೆಂದರೆ ನವೆಂಬರ್‌ಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ, ಆಳುಗಳು ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಕಣ ಮುಗಿಸಿ, ಕೊಯ್ಲು ಕಳೆದ ಬಳಿಕ ತಳಪಾಯ, ಗೋಡೆ ಎಬ್ಬಿಸಿ, ಮೇ ಮಧ್ಯದೊಳಗೆ ಛಾವಣಿ ಹೊದಿಸುವುದು ಅನುಕೂಲಕರ. ಹಣ ಸಾಲದಿದ್ದರೆ ಮೂರೂ ಅಂಕಣಗಳ ತಳಪಾಯ, ಛಾವಣಿಗಳನ್ನು ಒಮ್ಮೆಗೇ ಮುಗಿಸಿ, ಮೊದಲ ವರ್ಷ ಕಾಫಿ ಕೋಣೆಗೂ ಪಶ್ಚಿಮದ ಗೋಡೆಗೂ ಇಟ್ಟಿಗೆ ಕಟ್ಟಬಹುದು. ಉಳಿದ ಗೋಡೆಗಳು ಮುಂದಿನ ಫಸಲಿನ ಹಣ ಬರುವವರೆಗೆ ಕಾಯುತ್ತವೆ. ಮುಂಗಾರು ಮಾತ್ರ ಯಾರಿಗೂ ಕಾಯುವುದಿಲ್ಲ.