ಹಳೆಯ ಕಾರಿಗೊಂದು ಸೂರು

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪಕ್ಕದಲ್ಲಿದ್ದ ಕಾನ್‌ಸ್ಟಾಟ್ ಎಂಬ ಊರಿನಲ್ಲಿ 1882ರಲ್ಲಿ ಎಂಜಿನಿಯರನೊಬ್ಬ ತೋಟವಿದ್ದ ದೊಡ್ಡ ಮನೆಯೊಂದನ್ನು ಕೊಂಡ. ತೋಟದಲ್ಲಿ ಗಿಡ ಬೆಳೆಸುವ ಗಾಜಿನ ಮನೆಯಿತ್ತು. ಅದಕ್ಕೆ ಇಟ್ಟಿಗೆಯ ಕೋಣೆ ಸೇರಿಸಿ, ಬಾಗಿಲು ಹಾಕಿಕೊಂಡು, ಸ್ನೇಹಿತನೊಬ್ಬನ ಜತೆ ಹಗಲಿರುಳೂ ಅಲ್ಲೇ ಇರತೊಡಗಿದ. ಒಳಗಿನಿಂದ ಲೋಹ ಕುಟ್ಟುವ ಸದ್ದು ಬರುತ್ತಿತ್ತು. ತೋಟದ ಮಾಲಿಗೆ ಅನುಮಾನ ಬಂತು. ಯಜಮಾನರು ಖೋಟಾ ನಾಣ್ಯ ಮಾಡುತ್ತಿರಬೇಕೆಂದು ಆತ ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ಅವರು ಬಂದು ಶೋಧಿಸಿದರೆ ಸಿಕ್ಕಿದ್ದು ಎಂಜಿನ್ನಿನ ಬಿಡಿಭಾಗಗಳು ಮಾತ್ರ ಎಂಬ ಕಥೆ ಮೋಟಾರು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಆ ಎಂಜಿನಿಯರ್ ಗಾಟ್‌ಲೀಬ್ ಡೈಮ್ಲರ್, ಸ್ನೇಹಿತ ವಿಲ್‌ಹೆಲ್ಮ್ ಮೇಬಾಕ್. ಆ ಹಿತ್ತಲಿನ ಕೋಣೆಯಲ್ಲಿ ರೂಪುಗೊಂಡ ಪುಟ್ಟ ಎಂಜಿನ್ 1885ರಲ್ಲಿ ದ್ವಿಚಕ್ರ ವಾಹನವನ್ನೂ 1886ರಲ್ಲಿ ಕುದುರೆಯಿಲ್ಲದ ನಾಲ್ಕು ಚಕ್ರದ ಗಾಡಿಯನ್ನೂ ಓಡಿಸಿತು. ಹತ್ತು ವರ್ಷಗಳ ನಂತರ, 1896ರ ಜೂನ್ 4ರ ನಸುಕಿನಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದ ಬಾಡಿಗೆ ಮನೆಯೊಂದರ ಹಿತ್ತಲಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಹೆನ್ರಿ ಫೋರ್ಡ್ ತನ್ನ ಮೊದಲ ವಾಹನವನ್ನು ಕಟ್ಟಿ ಮುಗಿಸಿದ್ದ. ಹೊರಗೆ ತರಲು ನೋಡಿದರೆ ಶೆಡ್ಡಿನ ಬಾಗಿಲು ಕಿರಿದು! ಕೊಡಲಿ ಹಿಡಿದು ಇಟ್ಟಿಗೆಯ ಗೋಡೆಯನ್ನೇ ಒಡೆದು ಆತ ಗಾಡಿಯನ್ನು ಬೀದಿಗಿಳಿಸಿದ.

ಮೋಟಾರು ಕಾರು ಹುಟ್ಟಿದ್ದು ಹೀಗೆ ಮನೆಯ ಹಿತ್ತಲಿನಲ್ಲಿ. ಕಾರ್ಖಾನೆಗಳು ಬಂದದ್ದು ಆಮೇಲೆ. ಕಾರಿಗೆ ವಯಸ್ಸಾಗಿ, ಅದನ್ನು ಮಾಡಿದ ಕಾರ್ಖಾನೆಯೇ ಕಣ್ಮುಚ್ಚಿದ ಮೇಲೆ, ಅದು ಮತ್ತೆ ಆಶ್ರಯ ಪಡೆಯುವುದೂ ಮನೆಯ ಶೆಡ್ಡಿನಲ್ಲೇ. ಆ ಶೆಡ್ಡು ಹೇಗಿರಬೇಕೆಂಬುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಹಳೆಯ ಕಾರೊಂದು ಉಳಿಯುವುದೋ ಗುಜರಿ ಸೇರುವುದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದೇ.

ಲಾಯದಿಂದ ಶೆಡ್ಡಿಗೆ

‘ಗ್ಯಾರೇಜು’ ಫ್ರೆಂಚರ ಶಬ್ದ. ಸುರಕ್ಷಿತವಾಗಿ ಒಂದೆಡೆ ನಿಲ್ಲಿಸುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಕನ್ನಡಕ್ಕೆ ಬರುವ ಹೊತ್ತಿಗೆ ಅದರ ಅರ್ಥ ಹೊರಳಿತು. ನಮ್ಮಲ್ಲಿ ಗ್ಯಾರೇಜು ಎಂದರೆ ರಿಪೇರಿಯ ಜಾಗ, ಮೇಸ್ತ್ರಿ ಮತ್ತು ಹುಡುಗರು ಗ್ರೀಸ್ ಮೆತ್ತಿದ ಕೈಯಲ್ಲಿ ದುಡಿಯುವ ಸ್ಥಳ. ಮನೆಯಲ್ಲಿ ಕಾರು ನಿಲ್ಲಿಸುವ ಜಾಗ ‘ಕಾರ್ ಶೆಡ್ಡು’. ಹಳೆಯ ಕಾರನ್ನು ಸಾಕುವವರ ಮನೆಯಲ್ಲಿ ಮಾತ್ರ ಈ ಎರಡೂ ಒಂದಾಗಬೇಕಾಗುತ್ತದೆ.

ಆರಂಭದ ದಿನಗಳಲ್ಲಿ ಕಾರಿಗೆ ಪ್ರತ್ಯೇಕ ಮನೆ ಇರಲಿಲ್ಲ. ಶ್ರೀಮಂತರ ಮನೆಗಳ ಹಿಂದೆ ಕುದುರೆ ಲಾಯವೂ ಸಾರೋಟು ನಿಲ್ಲಿಸುವ ಕೊಟ್ಟಿಗೆಯೂ ಇರುತ್ತಿದ್ದವು. ಕಾರು ಅಲ್ಲಿಗೇ ಹೋಯಿತು. ಒಣಹುಲ್ಲಿನ ಪಕ್ಕದಲ್ಲಿ ಪೆಟ್ರೋಲ್! ಬೆಂಕಿಯ ಭಯದಿಂದ ಜನ ಅದನ್ನು ವಾಸದ ಮನೆಯಿಂದ ದೂರವೇ ಇಟ್ಟರು. ಜಾಗವಿಲ್ಲದ ನಗರವಾಸಿಗಳಿಗಾಗಿ ಕಾರುಗಳ ಛತ್ರಗಳೇ ತಲೆಯೆತ್ತಿದವು. ಪ್ಯಾರಿಸ್ಸಿನ ಪೊಂತಿಯೂ ಬೀದಿಯಲ್ಲಿ 1907ರ ಸುಮಾರಿಗೆ ವಾಸ್ತುಶಿಲ್ಪಿ ಆಗಸ್ಟ್ ಪೆರೆ ಕಟ್ಟಿದ ಕಾಂಕ್ರೀಟ್ ಗ್ಯಾರೇಜು ಅಂಥದ್ದು. ಅಲ್ಲಿ ಕಾರುಗಳು ಲಿಫ್ಟಿನಲ್ಲಿ ಮಹಡಿ ಏರುತ್ತಿದ್ದವು. ಆ ಕಟ್ಟಡ ಈಗಿಲ್ಲ.

ಕಾರನ್ನು ಮನೆಯ ಮೈಗೆ ಸೇರಿಸಿಕೊಂಡವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಪ್ರಮುಖ. ಷಿಕಾಗೋದಲ್ಲಿ 1910ರಲ್ಲಿ ಮುಗಿದ ರೋಬಿ ಮನೆಯಲ್ಲಿ ಆತ ಮೂರು ಕಾರುಗಳ ಗ್ಯಾರೇಜನ್ನು ಮನೆಗೇ ಅಂಟಿಸಿದ್ದ. ಕೆಳಗಿಳಿದು ಎಂಜಿನ್ ನೋಡಲು ನೆಲದಲ್ಲಿ ಗುಂಡಿಯೂ ಇತ್ತು. ಶೆಡ್ಡು ಮತ್ತು ಕಾರ್ಯಾಗಾರ ಎರಡೂ ಆಗಿದ್ದ ಮನೆಯ ಗ್ಯಾರೇಜಿಗೆ ಅದೊಂದು ಹಳೆಯ ಮಾದರಿ. ಅಷ್ಟರಲ್ಲಿ ಫೋರ್ಡ್‌ನ ಮಾಡೆಲ್ ‘ಟಿ’ ಬಂದು ಸಾಮಾನ್ಯ ಅಮೆರಿಕನ್ನನೂ ಕಾರಿನ ಒಡೆಯನಾದ. 1921ರಲ್ಲಿ ಮೇಲಕ್ಕೆ ಮಡಚಿಕೊಳ್ಳುವ ಬಾಗಿಲೂ ಬಂತು.

ಭಾರತದಲ್ಲಿ ನಡೆದದ್ದೂ ಬಹುತೇಕ ಇದೇ. ದೇಶೀ ಸಂಸ್ಥಾನಗಳ ಅರಮನೆಗಳಲ್ಲಿ ಲಾಯಗಳ ಸಾಲಿಗೆ ‘ಮೋಟಾರು ಖಾನೆ’ ಸೇರಿತು. ಬಂಗಲೆಗಳ ಹಿಂದಿನ ಕೊಟ್ಟಿಗೆಗಳು ಕಾರ್ ಶೆಡ್ಡುಗಳಾದವು. ಆದರೆ ಇಲ್ಲಿನ ಶೆಡ್ಡು ರಿಪೇರಿಯ ಜಾಗವೂ ಆದದ್ದಕ್ಕೆ ಬೇರೆಯೇ ಕಾರಣವಿದೆ.

ಇಲ್ಲದಿರುವುದೇ ಕಲಿಸಿದ ವಿದ್ಯೆ

ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು 1920ರ ದಶಕದಲ್ಲೇ ಭಾರತದಲ್ಲಿ ಬಿಡಿಭಾಗಗಳನ್ನು ತರಿಸಿ ಕಾರು ಜೋಡಿಸುತ್ತಿದ್ದವು. ಸ್ವಾತಂತ್ರ್ಯಾನಂತರ, 1953ರಲ್ಲಿ, ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಬರೀ ಜೋಡಿಸುವ ಕೆಲಸ ನಿಲ್ಲಿಸಬೇಕೆಂಬ ನೀತಿ ಬಂತು. ಅವು ಹೊರನಡೆದವು. ಉಳಿದವು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್‌ನಂಥ ಕೆಲವೇ ಹೆಸರುಗಳು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕು. ವಿದೇಶಿ ಕಾರಿನ ಬಿಡಿಭಾಗ ತರಿಸುವುದಂತೂ ಕನಸು.

ಕಾರನ್ನು ಎಸೆಯುವಂತಿಲ್ಲ, ಭಾಗ ಸಿಗುವಂತಿಲ್ಲ ಎಂದಾಗ ಉಳಿದ ದಾರಿ ಒಂದೇ: ಭಾಗವನ್ನು ಇಲ್ಲೇ ಮಾಡುವುದು. ಲೇತ್‌ನಲ್ಲಿ ಬುಷ್ ಕಡೆಯುವವರು, ತಗಡು ಬಡಿದು ಮಡ್‌ಗಾರ್ಡ್ ರೂಪಿಸುವ ಟಿಂಕರ್‌ಗಳು, ರೇಡಿಯೇಟರ್ ಬೆಸೆಯುವವರು ಊರೂರಿನಲ್ಲೂ ಹುಟ್ಟಿಕೊಂಡರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿ ಸಾಲು, ಶಿವಾಜಿನಗರದ ಗುಜರಿ ಅಂಗಡಿಗಳು ಹಳೆಯ ಕಾರಿನವರ ಯಾತ್ರಾಸ್ಥಳಗಳಾದವು. ಭಾನುವಾರ ಮೇಸ್ತ್ರಿಯನ್ನು ಮನೆಗೇ ಕರೆಸಿ ಶೆಡ್ಡಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿಸುವುದು, ಮನೆಯ ಮಕ್ಕಳು ಪಾನಾ ಎತ್ತಿಕೊಡುವುದು, ಮಧ್ಯೆ ಒಳಗಿನಿಂದ ಕಾಫಿ ಬರುವುದು ಒಂದು ತಲೆಮಾರಿನ ಮಧ್ಯಮ ವರ್ಗಕ್ಕೆ ಪರಿಚಿತ ದೃಶ್ಯ. ಇಂದು ‘ಕ್ಲಾಸಿಕ್’ ಎಂದು ಮೆರೆಯುವ ಎಷ್ಟೋ ಕಾರುಗಳು ಉಳಿದದ್ದು ಆ ಕೈಗಳಿಂದ.

ನಿಂತರೆ ಕೇಡು

ಹಳೆಯ ಕಾರಿಗೆ ರಸ್ತೆಯೇ ಶತ್ರು ಎಂಬ ಭಾವನೆ ಸಾಮಾನ್ಯ. ನಿಜವಾದ ಶತ್ರು ನಿಲುಗಡೆ. ಹೈದರಾಬಾದ್ ನಿಜಾಮರಿಗಾಗಿ 1912ರಲ್ಲಿ ತಯಾರಾದ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಂಹಾಸನದ ಕಾರು ಇದಕ್ಕೆ ಸಾಕ್ಷಿ. ಅದು ತನ್ನ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ದಶಕಗಳ ಕಾಲ ನಿಂತೇ ಇದ್ದ ಅದಕ್ಕೆ ಮತ್ತೆ ಜೀವ ಬರಿಸಲು ಈ ಶತಮಾನದಲ್ಲಿ ದೊಡ್ಡ ಜೀರ್ಣೋದ್ಧಾರವೇ ಬೇಕಾಯಿತು. ಈಗ ಅದು ಚೌಮಹಲ್ಲಾ ಅರಮನೆಯಲ್ಲಿದೆ.

ನಿಂತ ನೀರು ಕೊಳೆಯುವಂತೆ ನಿಂತ ಕಾರು ಕೆಡುವುದಕ್ಕೆ ಮೊದಲ ಕಾರಣ ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 60 ದಾಟಿದರೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಏರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲವಿಡೀ ಅದಕ್ಕಿಂತ ಹೆಚ್ಚಿನ ತೇವ, ಜತೆಗೆ ಉಪ್ಪಿನ ಗಾಳಿ. ರಾತ್ರಿ ತಣ್ಣಗಾದ ಲೋಹಕ್ಕೆ ಬೆಳಗಿನ ಬೆಚ್ಚನೆಯ ಗಾಳಿ ತಗುಲಿದರೆ ಇಬ್ಬನಿ ಕೂರುತ್ತದೆ. ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರಂತೂ ತೇವ ಹೊರಹೋಗಲು ದಾರಿಯೇ ಇಲ್ಲ. ಕಾರನ್ನು ಕಾಪಾಡಿದೆವೆಂದು ತಿಳಿದವರು ಅದನ್ನು ಬೇಯಿಸುತ್ತಿರುತ್ತಾರೆ.

ಇನ್ನೊಂದು ತಪ್ಪು, ವಾರಕ್ಕೊಮ್ಮೆ ಎರಡು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲ್‌ನಲ್ಲೂ ಉಳಿದು ಒಳಗಿನಿಂದಲೇ ತಿನ್ನುತ್ತದೆ. ಎರಡು ನಿಮಿಷ ಗುಡುಗಿಸುವುದಕ್ಕಿಂತ ತಿಂಗಳಿಗೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವುದು ಮೇಲು.

ಎಥೆನಾಲ್ ಈಚಿನ ಸಮಸ್ಯೆ. ದೇಶದಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2023ರಿಂದ ಬರತೊಡಗಿತು. ಎಥೆನಾಲ್ ತೇವ ಹೀರಿಕೊಳ್ಳುತ್ತದೆ. ಹಳೆಯ ಕಾರುಗಳ ರಬ್ಬರ್ ಪೈಪು, ವಾಷರುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಅವನ್ನು ಹೊಸ ಬಗೆಯ ರಬ್ಬರಿಗೆ ಬದಲಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಕಾರ್ಬ್ಯುರೇಟರ್ ಬರಿದು ಮಾಡುವುದು ಈಗ ಅನಿವಾರ್ಯ.

ಕಟ್ಟುವ ಬಗೆ

ಹಾಗಾದರೆ ಶೆಡ್ಡು ಹೇಗಿರಬೇಕು? ಅಂಬಾಸಿಡರ್ ಸುಮಾರು ಹದಿನಾಲ್ಕು ಅಡಿ ಉದ್ದ, ಐದೂವರೆ ಅಡಿ ಅಗಲ. ನಿಲ್ಲಿಸುವುದಕ್ಕಷ್ಟೇ ಆದರೆ ಹದಿನಾರು ಅಡಿಗೆ ಒಂಬತ್ತಡಿ ಸಾಕು. ಕೆಲಸ ಮಾಡಬೇಕೆಂದರೆ ಇಪ್ಪತ್ತಕ್ಕೆ ಹನ್ನೆರಡಾದರೂ ಬೇಕು. ಆಗ ಎರಡೂ ಬದಿ ಬಾಗಿಲು ತೆರೆದು ಮನುಷ್ಯ ಬಗ್ಗಿ ಕೂರಬಹುದು. ಮುಂದೆ ವೈಸ್ ಬಿಗಿದ ಗಟ್ಟಿ ಮರದ ಮೇಜಿಗೂ ಜಾಗ ಸಿಗುತ್ತದೆ. ಬಾಗಿಲಿನ ಅಗಲವನ್ನು ಮೊದಲೇ ಅಳೆಯಬೇಕೆಂಬ ಪಾಠವನ್ನು ಫೋರ್ಡ್ ಕೊಡಲಿಯಿಂದ ಕಲಿಸಿಹೋಗಿದ್ದಾನೆ.

ಹೆಚ್ಚಿನ ಖರ್ಚು ನೆಲಕ್ಕೇ ಮಾಡಬೇಕು. ಕಾಂಕ್ರೀಟಿನಡಿ ದಪ್ಪ ಪಾಲಿಥೀನ್ ಹಾಳೆ ಹಾಸದಿದ್ದರೆ ಮಣ್ಣಿನ ತೇವ ಮೇಲೇರಿ ನೇರ ಚಾಸಿಯನ್ನು ತಟ್ಟುತ್ತದೆ. ನೆಲ ಅಂಗಳಕ್ಕಿಂತ ಎತ್ತರವಿದ್ದು ಬಾಗಿಲಿನ ಕಡೆಗೆ ತುಸು ಇಳಿಜಾರಾಗಿರಬೇಕು. ಹೊಸ ಕಾಂಕ್ರೀಟ್ ವಾರಗಟ್ಟಲೆ ನೀರು ಬಿಡುವುದರಿಂದ ಒಣಗುವ ಮೊದಲೇ ಕಾರು ತಂದು ನಿಲ್ಲಿಸಬಾರದು.

ಇನ್ನು ಮಾಡು. ತಗಡಿನ ಮಾಡು ಹಗಲು ಕಾಯುತ್ತದೆ, ರಾತ್ರಿ ಬೆವರುತ್ತದೆ. ಮಂಗಳೂರು ಹೆಂಚಿನ ಮಾಡು ಸಂದುಗಳಲ್ಲಿ ಉಸಿರಾಡುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಮೋಟಾರಿಗಾಗಿ ಹುಟ್ಟಿದ್ದಲ್ಲ. ಆದರೂ ಮಲೆನಾಡು, ಕರಾವಳಿಯ ಹಳೆಯ ಕಾರ್ ಶೆಡ್ಡುಗಳಿಗೆ ಅದು ಚೆನ್ನಾಗಿ ಒಗ್ಗಿತು. ಎದುರುಬದುರು ಗೋಡೆಗಳಲ್ಲಿ ಕೆಳಗೊಂದು, ಮೇಲೊಂದು ಗವಾಕ್ಷಿ ಬಿಟ್ಟರೆ ಗಾಳಿ ತಾನಾಗಿ ಆಡುತ್ತದೆ. ಗವಾಕ್ಷಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ವೈರು, ಸೀಟಿನ ನಾರು ಎರಡೂ ಇಲಿಗಳಿಗೆ ಬಲು ಪ್ರಿಯ.

ನೆಲದ ಗುಂಡಿಯ ಬಗ್ಗೆ ಎರಡು ಮಾತಿವೆ. ಕೆಳಗಿನಿಂದ ನೋಡಲು ಅನುಕೂಲ, ನಿಜ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಗುಂಡಿಯಲ್ಲೇ ಇಳಿದು ಕೂರುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು. ಮನೆಯ ಶೆಡ್ಡಿಗೆ ಗುಂಡಿಗಿಂತ ಗಟ್ಟಿ ಸ್ಟ್ಯಾಂಡುಗಳೇ ಕ್ಷೇಮ. ಜಾಕಿಯನ್ನೊಂದೇ ನಂಬಿ ಕಾರಿನಡಿ ತೂರುವುದಂತೂ ಪ್ರಾಣಕ್ಕೇ ಸಂಚಕಾರ. ಬಾಗಿಲು ಮುಚ್ಚಿ ಎಂಜಿನ್ ಓಡಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಸದ್ದಿಲ್ಲದೆ ಕೊಲ್ಲುತ್ತದೆ.

ಹೊಳಪೋ, ಚರಿತ್ರೆಯೋ?

ಶೆಡ್ಡು ಸಿದ್ಧವಾದ ಮೇಲೆ ಏಳುವುದು ಹೆಚ್ಚು ಕಷ್ಟದ ಪ್ರಶ್ನೆ: ಕಾರನ್ನು ಎಷ್ಟು ರಿಪೇರಿ ಮಾಡಬೇಕು? ಎಲ್ಲವನ್ನೂ ಬಿಚ್ಚಿ, ಹೊಸ ಬಣ್ಣ ಬಳಿದು, ಕ್ರೋಮಿಯಂ ಹೊಳೆಸಿ ಷೋರೂಮಿನಿಂದ ಬಂದಂತೆ ಮಾಡುವುದು ಒಂದು ಬಗೆ. ಆಗ ಉಳಿಯುವುದು ಹಳೆಯ ಕಾರೋ, ಅದರ ಪ್ರತಿಕೃತಿಯೋ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2013ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಇರುವುದನ್ನು ಆದಷ್ಟು ಉಳಿಸಿಕೊಳ್ಳಬೇಕು, ಬದಲಾವಣೆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಮಾಡಿದ್ದನ್ನು ಬರೆದಿಡಬೇಕು ಎಂಬುದು ಅದರ ಸಾರ. ಹಳೆಯ ದೇವಾಲಯಕ್ಕೆ ಎನಾಮಲ್ ಬಣ್ಣ ಬಳಿದರೆ ಬೇಸರಪಡುವವರು ಕಾರಿನ ವಿಷಯದಲ್ಲೂ ಹಾಗೆಯೇ ಯೋಚಿಸಬೇಕೆಂಬ ವಾದ ಇದು. ಸವೆದ ಸ್ಟಿಯರಿಂಗಿನಲ್ಲಿ, ಊರಿನ ಟಿಂಕರ್ ಕೈಯಾರೆ ಬಡಿದ ತಗಡಿನಲ್ಲಿ ಆ ಕಾರಿನ ಬಾಳಿನ ಕಥೆಯಿದೆ. ಶೆಡ್ಡಿನ ಮೊಳೆಗೆ ತೂಗುಹಾಕಿದ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಏನು ಬಿಚ್ಚಿದ್ದು, ಏನು ಬದಲಿಸಿದ್ದು ಎಂದು ಬರೆದರೆ ಅದೇ ಮುಂದಿನವರಿಗೆ ದಾಖಲೆ. ಬಿಚ್ಚಿದ ಹಳೆಯ ಭಾಗವನ್ನೂ ಚೀಟಿ ಕಟ್ಟಿ ಇಡಬೇಕು.

ಭಾರತದ ಕಾನೂನೂ ಮೂಲ ರೂಪಕ್ಕೆ ಬೆಲೆ ಕೊಟ್ಟಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ನಿರ್ವಹಣೆಯಂಥ ಕೆಲಸಕ್ಕೆ ಅವನ್ನು ರಸ್ತೆಗಿಳಿಸಬಹುದು, ದಿನಬಳಕೆಗೆ ಅವಕಾಶವಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯ ಹಳೆಯ ಕಾರುಗಳನ್ನು ಸಾರ್ವಜನಿಕರ ಕಣ್ಣಿಗೆ ತಂದಿದೆ. ಆದರೆ ಎಲ್ಲ ಕಾರೂ ಸಂಗ್ರಹಾಲಯಕ್ಕೆ ಹೋಗಲಾರದು. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಕಿವಿಗೊಟ್ಟು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರ ಹುಡುಗರು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಕಾರುಗಳತ್ತ ಹೋಗಿದ್ದಾರೆ. ಕಾರಿನ ಜತೆಗೇ ಕಣ್ಮರೆಯಾಗುತ್ತಿರುವುದು ಈ ವಿದ್ಯೆ. ಗಾಜಿನ ಹಿಂದೆ ನಿಂತ ಕಾರಿನಿಂದ ಇದನ್ನು ಯಾರೂ ಕಲಿಯಲಾರರು.

ಅದನ್ನು ಕಲಿಸುವ ಜಾಗ ಮನೆಯ ಶೆಡ್ಡು. ಅಪ್ಪನ ಫಿಯಟ್ ಇನ್ನೂ ಟಾರ್ಪಾಲಿನಡಿ ಮಲಗಿರುವ ಮನೆಗಳು ಊರೂರಲ್ಲೂ ಇವೆ. ಅಲ್ಲಿ ಮೊದಲು ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಟಾರ್ಪಾಲು ತೆಗೆದು, ಕಿಟಕಿ ತೆರೆದು, ನೆಲ ಒಣಗಲು ಬಿಟ್ಟು, ಹಳೆಯ ಮೇಸ್ತ್ರಿಯನ್ನು ಒಂದು ಭಾನುವಾರ ಕರೆಸಬೇಕು. ಪಾನಾ ಎತ್ತಿಕೊಡಲು ಮಕ್ಕಳನ್ನೂ ಕರೆಯಬೇಕು.